ರೆಸರ್ಪಿನ್: ಸರ್ಪಗಂಧದ ಬೇರಿನ ಬಿಪಿ ಔಷಧ

ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಸರ್ಪಗಂಧದ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ರೆಸರ್ಪಿನ್ ಬೇರ್ಪಡಿಸಿತು. ಬೇರಿನ ಗುಣವನ್ನು ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಅದನ್ನು ಜಗತ್ತಿಗೆ ಮುಟ್ಟಿಸಿದ್ದು 1949ರ ಬ್ರಿಟಿಷ್ ಹಾರ್ಟ್ ಜರ್ನಲ್ ಲೇಖನ. ಬರೆದವರು ಮುಂಬೈನ ರುಸ್ತುಂ ಜಾಲ್ ವಕೀಲ್ (ಲಾಸ್ಕರ್ ಪ್ರಶಸ್ತಿ, 1957).

ನರತುದಿಗಳಲ್ಲಿರುವ ನಾರಡ್ರಿನಲಿನ್, ಡೋಪಮಿನ್, ಸೆರೊಟೋನಿನ್ ಸಂಗ್ರಹವನ್ನು ರೆಸರ್ಪಿನ್ ಬರಿದುಮಾಡುತ್ತದೆ. ಹಾಗಾಗಿ ರಕ್ತದೊತ್ತಡ ಇಳಿಯುತ್ತದೆ, ಉನ್ಮಾದವೂ ತಗ್ಗುತ್ತದೆ. 1954ರಲ್ಲಿ ಅಮೆರಿಕದ ನೇಥನ್ ಕ್ಲೈನ್ ಸ್ಕಿಜೋಫ್ರೇನಿಯಾಕ್ಕೆ ಇದರ ಬಳಕೆಯನ್ನು ವರದಿ ಮಾಡಿದರು. ರೆಸರ್ಪಿನ್ ಕೊಟ್ಟ ಪ್ರಾಣಿಗಳ ಮೇಲಿನ ಪ್ರಯೋಗವೇ ಪಾರ್ಕಿನ್ಸನ್ ಚಿಕಿತ್ಸೆಗೆ ದಾರಿ ತೋರಿತು. ಅದನ್ನು ಮಾಡಿದವರು ಆರ್ವಿಡ್ ಕಾರ್ಲ್‌ಸನ್ (ನೊಬೆಲ್, 2000).

ಖಿನ್ನತೆ ತರುತ್ತದೆ ಎಂಬ ಭಯದಿಂದ ರೆಸರ್ಪಿನ್ ಬಳಕೆ ಕುಗ್ಗಿತು. ದೊಡ್ಡಬಳ್ಳಾಪುರ, ಹೊಸಕೋಟೆಯ ಕಡೆ ಈಗ ಬಿಪಿ ಮಾತ್ರೆ ಎಂದರೆ ಸಾಮಾನ್ಯವಾಗಿ ಆಮ್ಲೊಡಿಪಿನ್. ಅದು ಎದೆನೋವಿಗೂ (ಆಂಜೈನಾ) ಬಳಕೆಯಲ್ಲಿದೆ.