ಲೋಡು ಮುಚ್ಚಿಡುವ ತಪ್ಪು

ಯಲಬುರ್ಗಾ

ಪ್ರೀತಿಯ ಮಗಳೇ,

ನೀನು ವಿದ್ಯುತ್ ಕಂಪನಿ ಜೆಸ್ಕಾಂ ಸೇರಿದ ಸುದ್ದಿ ಕೇಳಿ ದೊಡ್ಡವ್ವ ಓಣಿಗೆಲ್ಲ ಪೇಡೆ ಹಂಚಿದಳು.

ಎರಡೂ ಬದಿಯ ಕರೆಂಟು ಹೋಲಿಸುವ ಡಿಫರೆನ್ಷಿಯಲ್ ರಿಲೇ ಬಗ್ಗೆ ಕೇಳಿದ್ದೆಯಲ್ಲ, ನಮ್ಮ ಕಡೆಯ 5 ಎಂವಿಎ, 33/11 ಕೆವಿ ಟ್ರಾನ್ಸ್‌ಫಾರ್ಮರನ್ನೇ ತಗೋ. ಪೂರ್ಣ ಲೋಡಿನಲ್ಲಿ 33ರ ಬದಿ 87.5 ಆಂಪಿಯರ್, 11ರ ಬದಿ 262. ಕರೆಂಟ್ ಟ್ರಾನ್ಸ್‌ಫಾರ್ಮರುಗಳು, ಅಂದರೆ ಸಿ.ಟಿ.ಗಳು, 100/1 ಮತ್ತು 300/1 ಇದ್ದರೆ ಎರಡೂ ಕಡೆಯಿಂದ ರಿಲೇಗೆ ಬರುವುದು 0.875. ಅಳತೆ ಸಮವಾಯಿತು, ಲೆಕ್ಕ ಮುಗಿಯಲಿಲ್ಲ. ಟ್ರಾನ್ಸ್‌ಫಾರ್ಮರಿನ ಜೋಡಣೆ ಡಿವೈಎನ್ 11: 33ರ ಬದಿ ಡೆಲ್ಟಾ, 11ರ ಬದಿ ಸ್ಟಾರ್. 11ರ ಬದಿ 30 ಡಿಗ್ರಿ ಮುಂದಿದೆ. ಹಾಗೇ ಬಿಟ್ಟರೆ ರಿಲೇಗೆ 0.45 ಆಂಪಿಯರ್ ವ್ಯತ್ಯಾಸ ಕಾಣುತ್ತದೆ. ಟ್ರಿಪ್ ಆಗಲು ಅಷ್ಟು ಸಾಕು.

ಇನ್ನೊಂದು ಸಂಗತಿ ಝೀರೋ ಸೀಕ್ವೆನ್ಸ್, ಅಂದರೆ ಮೂರೂ ಫೇಸುಗಳಲ್ಲಿ ಒಂದೇ ಸಮನಾಗಿರುವ ಕರೆಂಟಿನ ಪಾಲು. ಮೃಗಶಿರಾ ಗಾಳಿಗೆ ಬೇವಿನ ಟೊಂಗೆ 11 ಕೆವಿ ಲೈನಿಗೆ ಬಡಿಯಿತೆನ್ನು. ಅರ್ಥ್ ಫಾಲ್ಟಿನ ಕರೆಂಟು ನ್ಯೂಟ್ರಲ್ ಮೂಲಕ ಸ್ಟಾರ್ ಬದಿಯ ಸಿ.ಟಿ.ಯಲ್ಲಿ ಪೂರ್ತಿ ಹರಿಯುತ್ತದೆ. ಅದರ ಝೀರೋ ಸೀಕ್ವೆನ್ಸ್ ಪಾಲು ಮಾತ್ರ ಆಚೆ ಡೆಲ್ಟಾದೊಳಗೇ ಸುತ್ತುತ್ತದೆ, 33ರ ಲೈನಿಗೆ ಬರುವುದಿಲ್ಲ. ಆದ್ದರಿಂದ ಮೂರು ಫೇಸುಗಳ ಮೊತ್ತದ ಮೂರನೇ ಒಂದು ಭಾಗವನ್ನು ಸ್ಟಾರ್ ಬದಿಯ ಪ್ರತಿ ಫೇಸಿನಿಂದಲೂ ಕಳೆಯಬೇಕು.

ನಮ್ಮ ಕಾಲದಲ್ಲಿ ಸ್ಟಾರ್ ಬದಿಯ ಸಿ.ಟಿ.ಗಳನ್ನು ಡೆಲ್ಟಾದಲ್ಲಿ, ಡೆಲ್ಟಾ ಬದಿಯವನ್ನು ಸ್ಟಾರ್‌ನಲ್ಲಿ ಜೋಡಿಸುತ್ತಿದ್ದೆವು. 30 ಡಿಗ್ರಿ ತಿರುಗಿಸುವುದು, ಝೀರೋ ಸೀಕ್ವೆನ್ಸ್ ಕಳೆಯುವುದು, ಎರಡೂ ಕೆಲಸ ವೈರಿಂಗಿನಲ್ಲೇ ಮುಗಿಯುತ್ತಿತ್ತು. 300/0.577ರಂಥ ಸಿ.ಟಿ. ಕಂಡರೆ ಅದು ಆ ಜೋಡಣೆಗೆಂದೇ ಮಾಡಿದ್ದು. ಹೊಸ ರಿಲೇಯಲ್ಲಿ ಸಿ.ಟಿ. ಎಲ್ಲ ಸ್ಟಾರ್, ತಿದ್ದುಪಡಿ ಸೆಟ್ಟಿಂಗಿನಲ್ಲಿ.

ಮೋಸ ಇರುವುದು ಇಲ್ಲೇ. 11ರ ಬದಲು 33ರ ಬದಿಯನ್ನು 30 ಡಿಗ್ರಿ ತಿರುಗಿಸಿದರೂ ಲೋಡಿನಲ್ಲಿ ವ್ಯತ್ಯಾಸ ಸೊನ್ನೆಯೇ ಕಾಣುತ್ತದೆ. ಆದರೆ ಸ್ಟಾರ್ ಬದಿಯ ಝೀರೋ ಸೀಕ್ವೆನ್ಸ್ ಉಳಿದೇ ಇರುತ್ತದೆ. ಸಮತೋಲದ ಲೋಡಿನಲ್ಲಿ ಅದು ಇರುವುದೇ ಇಲ್ಲವಾದ್ದರಿಂದ ತಪ್ಪು ಬೇಸಿಗೆಯಿಡೀ ಬಯಲಾಗುವುದಿಲ್ಲ. ಮೊದಲ ಮಳೆಗೆ, ಒಂದು ಫೀಡರ್ ಬೀಳಬೇಕಾದಲ್ಲಿ ಇಡೀ ಟ್ರಾನ್ಸ್‌ಫಾರ್ಮರ್ ಬೀಳುತ್ತದೆ. ಡಿಫರೆನ್ಷಿಯಲ್‌ನಲ್ಲಿ ಬಿದ್ದದ್ದನ್ನು ಪರೀಕ್ಷೆ ಮಾಡದೆ ಯಾರೂ ಚಾರ್ಜ್ ಮಾಡುವುದಿಲ್ಲ. ಅಷ್ಟು ಹೊತ್ತೂ ಊರೂರಿನ ಪಂಪ್‌ಸೆಟ್ಟುಗಳು ನಿಲ್ಲುತ್ತವೆ.

ಅದಕ್ಕೇ ಲೋಡಿನ ರೀಡಿಂಗ್ ನೋಡಿ ಸಹಿ ಹಾಕಬೇಡ. ಟೆಸ್ಟ್ ಕಿಟ್‌ನಿಂದ ಹೊರಗಿನ ಅರ್ಥ್ ಫಾಲ್ಟನ್ನೇ ಕೊಟ್ಟು ನೋಡು: 11ರ ಬದಿ ಆರ್ ಫೇಸಿಗೆ 1 ಆಂಪಿಯರ್, 33ರ ಬದಿ ಆರ್‌ನಿಂದ ಒಳಹೋಗಿ ವೈನಿಂದ ಹೊರಬರುವಂತೆ 0.577. ದಿಕ್ಕು ಸರಿಯಿದ್ದೂ ವ್ಯತ್ಯಾಸ ಸೊನ್ನೆಗೆ ಬರದಿದ್ದರೆ ಸೆಟ್ಟಿಂಗ್ ತಪ್ಪಿದೆ. ಝೀರೋ ಸೀಕ್ವೆನ್ಸ್ ತೆಗೆದಾಗ ವೈಂಡಿಂಗಿನೊಳಗಿನ ಅರ್ಥ್ ಫಾಲ್ಟಿಗೂ ರಿಲೇ ಸ್ವಲ್ಪ ಮಂದವಾಗುತ್ತದೆ. ಆ ಕೊರತೆ ತುಂಬುವ ಆರ್‌ಇಎಫ್ (ರಿಸ್ಟ್ರಿಕ್ಟೆಡ್ ಅರ್ಥ್ ಫಾಲ್ಟ್) ರಿಲೇಯನ್ನೂ ಅದೇ ದಿನ ಪರೀಕ್ಷಿಸು.

ಹಿರಿಯರು ಅವಸರ ಮಾಡಿದರೆ ಈ ಲೆಕ್ಕ ತೋರಿಸಿ ಒಂದು ತಾಸು ಕೇಳು. ಯಾರೂ ಬೇಡ ಅನ್ನರು.

ಇಂತಿ ನಿನ್ನ
ದೊಡ್ಡಪ್ಪ