ಲೆಕ್ಕದ ಪುಸ್ತಕದಲ್ಲಿ ಮನೆಗೂ ಒಂದು ಕಾಲಂ

ಬಾಸ್ ಎಂಬ ಸಿಹಿನೀರಿನ ಮೀನು ಹಿಡಿಯುವ ಕಾಲೇಜು ಮಟ್ಟದ ಸ್ಪರ್ಧೆಯಲ್ಲಿ ದುಡ್ಡು ಕರಗುವುದು ನೀರಿನಲ್ಲಲ್ಲ, ರಸ್ತೆಯಲ್ಲಿ. ನಾವಿರುವುದು ಅಮೆರಿಕದ ಟೆನ್ನೆಸಿ ರಾಜ್ಯದ ನಾಕ್ಸ್‌ವಿಲ್‌ನಲ್ಲಿ. ಮಗಳು ಈ ಆಟಕ್ಕಿಳಿದಾಗಿನಿಂದ ಅವಳ ಖರ್ಚು ಬರೆದಿಡುವ ಕೆಲಸ ನನ್ನದು. ಬರೆಯುತ್ತ ಬರೆಯುತ್ತ ಮನದಟ್ಟಾದ ಮಾತು ಇನ್ನೊಂದಿದೆ: ಮನೆ ಕೊಡುವುದಕ್ಕೆ ಬಿಲ್ ಬರುವುದಿಲ್ಲ. ಬಿಲ್ ಬರದ್ದು ಲೆಕ್ಕಕ್ಕೂ ಬರುವುದಿಲ್ಲ.

ಮೊದಲು ಆಟದ ವಿಷಯ. ಒಂದು ದೋಣಿಗೆ ಇಬ್ಬರು ವಿದ್ಯಾರ್ಥಿಗಳು. ಸಾಮಾನ್ಯವಾಗಿ ಜೋಡಿಯೊಂದು ದಿನಕ್ಕೆ ಐದು ಮೀನುಗಳನ್ನು ತೂಕಕ್ಕೆ ತರಬಹುದು. ದೋಣಿಯೊಳಗಿನ ನೀರಿನ ತೊಟ್ಟಿಯಲ್ಲಿ ಅವನ್ನು ಜೀವಂತ ಇಟ್ಟುಕೊಂಡಿರಬೇಕು. ಸತ್ತರೆ ತೂಕದಲ್ಲಿ ಕಡಿತ. ತೂಗಿದ ಮೇಲೆ ಮತ್ತೆ ನೀರಿಗೆ. ಕುಂದಾಪುರದಲ್ಲಿರುವ ನನ್ನ ಅತ್ತೆ ಇದನ್ನು ಕೇಳಿ, "ಹಿಡ್ದ ಮೀನ್ ಬಿಡೂಕೆ ಅಷ್ಟ್ ದೂರ ಹೋಯ್ಕಾ?" ಎಂದರು. ನ್ಯಾಯವಾದ ಪ್ರಶ್ನೆ. ಉತ್ತರ ಕೊಡಬೇಕಾದರೆ ದೂರಕ್ಕೆ ಎಷ್ಟು ತಗಲುತ್ತದೆ ಎಂಬುದು ಗೊತ್ತಿರಬೇಕು.

ಈ ಆಟ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ವ್ಯಾಪ್ತಿಯಲ್ಲಿಲ್ಲ. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಇದು ವಿದ್ಯಾರ್ಥಿಗಳ ಕ್ಲಬ್ ಮಾತ್ರ, ಹಾಗಾಗಿ ಖರ್ಚಿನ ದೊಡ್ಡ ಪಾಲು ಮಕ್ಕಳ ಮೇಲೆಯೇ. ಅಲಬಾಮದ ಗಂಟರ್ಸ್‌ವಿಲ್ ಸರೋವರವನ್ನೇ ತೆಗೆದುಕೊಳ್ಳಿ. ಇಲ್ಲಿಂದ ಸುಮಾರು 200 ಮೈಲಿ. ದೋಣಿ ಎಳೆದುಕೊಂಡು ಹೋಗುವ ಟ್ರಕ್ಕು ಒಂದು ಗ್ಯಾಲನ್‌ಗೆ 10 ಮೈಲಿ ಕೊಟ್ಟರೆ ಹೆಚ್ಚು. ಗ್ಯಾಲನ್‌ಗೆ 3 ಡಾಲರ್ ಹಿಡಿದರೂ ಹೋಗಿ ಬರಲು 120 ಡಾಲರ್. ಅಭ್ಯಾಸದ ದಿನಗಳೂ ಸೇರಿ ದೋಣಿಯ ಪೆಟ್ರೋಲಿಗೆ 180. ನಾಲ್ಕು ರಾತ್ರಿಯ ಮೋಟೆಲ್‌ಗೆ 360, ಇಬ್ಬರ ಊಟ ತಿಂಡಿಗೆ 240. ಇದರ ಮೇಲೆ ಪ್ರವೇಶ ಶುಲ್ಕ, ಹೊರರಾಜ್ಯದವರಿಗೆ ಬೇರೆಯೇ ದರದ ಮೀನುಗಾರಿಕೆ ಲೈಸೆನ್ಸ್. ಜೋಡಿಗೆ ಸಾವಿರ ಡಾಲರ್ ಸಲೀಸಾಗಿ ದಾಟುತ್ತದೆ. ಟೆಕ್ಸಾಸ್‌ನ ಲೇಕ್ ಫೋರ್ಕ್‌ನಂಥ ಕಡೆ ಹೋಗುವುದಾದರೆ ಪ್ರಯಾಣದ ಖರ್ಚೇ ಹಲವು ಪಟ್ಟು.

ಮೋಟೆಲ್‌ನಲ್ಲಿ ಅಗ್ಗದ ಕೋಣೆ ಸಿಕ್ಕರೆ ಸಾಲದು. ಟ್ರೈಲರ್ ನಿಲ್ಲಿಸಲು ಜಾಗ ಬೇಕು, ಹೊರಗೋಡೆಯಲ್ಲಿ ಕರೆಂಟಿನ ಪ್ಲಗ್ ಬೇಕು. ದೋಣಿಯ ಮುಂದಿನ ಟ್ರೋಲಿಂಗ್ ಮೋಟಾರ್ ಬ್ಯಾಟರಿಯಲ್ಲಿ ಓಡುವುದು. ರಾತ್ರಿಯೆಲ್ಲ ಚಾರ್ಜ್ ಆಗದಿದ್ದರೆ ಮರುದಿನದ ಸ್ಪರ್ಧೆ ಮುಗಿದ ಹಾಗೆ. ಅಂಥ ಕೋಣೆಗೆ ಹೆಚ್ಚು ಬಾಡಿಗೆ ಕೊಟ್ಟು ಬಂದ ವಾರವೇ ಮಗಳು ನಮ್ಮ ಗ್ಯಾರೇಜಿನ ಪ್ಲಗ್ ತೋರಿಸಿ, "ಅಮ್ಮ, ಇದನ್ನೂ ಬರೆದುಕೋ" ಎಂದಳು. ಮನೆಯ ಕಾಲಂ ಶುರುವಾದದ್ದು ಹಾಗೆ.

ಆ ಕಾಲಂ ಈಗ ಉದ್ದವಾಗಿದೆ. ದೋಣಿ ನಮ್ಮಂಗಳದಲ್ಲೇ ನಿಲ್ಲುತ್ತದೆ. ಹಾಸ್ಟೆಲ್‌ನಲ್ಲಿರುವ ಅವಳ ಗೆಳೆಯರು ತಮ್ಮ ದೋಣಿ ನಿಲ್ಲಿಸುವ ಜಾಗಕ್ಕೆ ತಿಂಗಳ ಬಾಡಿಗೆ ಕಟ್ಟುತ್ತಾರೆ. ಫೋರ್ಟ್ ಲೌಡನ್ ಸರೋವರ ಊರೊಳಗೇ ಹಾದುಹೋಗುತ್ತದೆ. ಕ್ಲಾಸು ಮುಗಿಸಿ ಬುತ್ತಿ ಕಟ್ಟಿಕೊಂಡು ಹೋದರೆ ಒಂದು ಅಭ್ಯಾಸಕ್ಕೆ 50 ಡಾಲರಿನ ಒಳಗೇ ಖರ್ಚು. ಸ್ಪರ್ಧೆ ಮುಗಿಸಿ ಭಾನುವಾರ ರಾತ್ರಿ ಬಂದಾಗ ಬಿಸಿ ಅನ್ನ, ತಿಳಿಸಾರು ಇರುತ್ತದೆ. ದಿನಗಟ್ಟಲೆ ಬರ್ಗರ್ ತಿಂದು ಬಂದವಳು ಅದನ್ನು ಉಣ್ಣುವ ರೀತಿ ನೋಡಿದರೆ ಅದಕ್ಕೆ ಬೆಲೆ ಕಟ್ಟುವ ಮನಸ್ಸಾಗುವುದಿಲ್ಲ. ಆದರೂ ಕಟ್ಟುತ್ತೇವೆ, ಏಕೆಂದರೆ ಅದು ನಿಜವಾದ ಉಳಿತಾಯ.

ಊರಿನ ನೀರಿನ ಪರಿಚಯವೂ ಆಸ್ತಿಯೇ. 2019ರಲ್ಲಿ ಈ ಕ್ರೀಡೆಯ ಅತಿ ಪ್ರತಿಷ್ಠಿತ ಬಾಸ್‌ಮಾಸ್ಟರ್ ಕ್ಲಾಸಿಕ್ ನಾಕ್ಸ್‌ವಿಲ್‌ಗೆ ಬಂದಾಗ ಗೆದ್ದದ್ದು ಇದೇ ಊರಿನ ಆಟ್ ಡಿಫೋ. ಬಹುಮಾನ 3 ಲಕ್ಷ ಡಾಲರ್. ಆದರೆ 2023ರಲ್ಲಿ ಅದೇ ನೀರಿನಲ್ಲಿ ಗೆದ್ದವರು ಕೆನಡಾದ ಜೆಫ್ ಗಸ್ಟಾಫ್‌ಸನ್. ಊರಿನ ನೀರು ಗೆಲುವಿಗೆ ಖಾತರಿ ಕೊಡುವುದಿಲ್ಲ. ಕಲಿಯುವ ಖರ್ಚನ್ನು ಇಳಿಸುತ್ತದೆ, ಅಷ್ಟೇ. ಅದೇ ದೊಡ್ಡದು. ಆದರೆ ಅಪರಿಚಿತ ನೀರನ್ನು ಓದುವ ಪಾಠಕ್ಕೆ ದೂರ ಹೋಗಲೇಬೇಕು. ಅತ್ತೆಗೆ ನಾನು ಹೇಳಿದ ಉತ್ತರವೂ ಅದೇ.

ಕೆಂಟಕಿ, ಅಲಬಾಮ, ಟೆನ್ನೆಸಿಯ ಕೆಲವು ವಿಶ್ವವಿದ್ಯಾಲಯಗಳು ಬಾಸ್ ಮೀನುಗಾರಿಕೆಗೆ ವಿದ್ಯಾರ್ಥಿವೇತನ ಕೊಡುತ್ತವೆ. ಮಕ್ಕಳ ಕಣ್ಣು ಅತ್ತ ಹೋಗುವುದು ಸಹಜ. ನಾವು ಎರಡು ಮೊತ್ತ ಅಕ್ಕಪಕ್ಕ ಬರೆದೆವು: ಒಂದು ಕಡೆ ಶುಲ್ಕದ ಒಂದು ಭಾಗ ಮಾತ್ರ ತುಂಬುವ ವೇತನ, ಇನ್ನೊಂದು ಕಡೆ ಸ್ವಂತ ರಾಜ್ಯದ ನಿವಾಸಿಗಳಿಗೆ ಇರುವ ಕಡಿಮೆ ಶುಲ್ಕ, ಟೆನ್ನೆಸಿಯ ಹೋಪ್ ವಿದ್ಯಾರ್ಥಿವೇತನ, ಮನೆಯ ವಾಸ, ಮನೆಯ ಊಟ. ಮನೆಯ ಪಕ್ಕದ ಮೊತ್ತವೇ ಭಾರವಾಗಿತ್ತು. ಇಲ್ಲೇ ಓದುವ ನಿರ್ಧಾರವನ್ನು ಮಗಳೇ ಮಾಡಿದಳು.

ಮಕ್ಕಳನ್ನು ಯಾವುದೇ ಆಟಕ್ಕೆ ದೂರ ಕಳಿಸುವ ತಂದೆತಾಯಿಗೆ ನನ್ನ ಸಲಹೆ ಮೂರು. ಹೊರಡುವ ಮೊದಲೇ ಪ್ರಯಾಣದ ಅಂದಾಜು ಮಕ್ಕಳ ಕೈಯಲ್ಲೇ ಬರೆಸಿ. ಬಹುಮಾನದ ಹಣವನ್ನು ಕೈಗೆ ಬರುವವರೆಗೆ ಆದಾಯವೆಂದು ಹಿಡಿಯಬೇಡಿ. ಮನೆ ಪ್ರತಿ ತಿಂಗಳು ಉಳಿಸಿಕೊಡುವುದರಲ್ಲಿ ಒಂದು ಪಾಲನ್ನು ಪ್ರಯಾಣದ ಖಾತೆಗೆ ಹಾಕಿ.

ನಮ್ಮ ಮಗಳು ಗಂಟರ್ಸ್‌ವಿಲ್‌ಗೆ ಸಾಲವಿಲ್ಲದೆ ಹೋಗಿ ಬಂದದ್ದು ಈ ಮೂರನೆಯದರಿಂದ. ದೂರದ ನೀರಿಗೆ ಬಂಡವಾಳ ಹಾಕಿದ್ದು ಮನೆಯೇ ಎಂಬುದು ಈಗ ಅವಳಿಗೆ ಅಂಕಿಅಂಶಗಳಲ್ಲೇ ಗೊತ್ತು.