ಮನೆಯೆಲ್ಲ ಆಡುವ ಆಟ

ರೈತನ ವರ್ಷದಲ್ಲಿ ಮುಂಗಾರಿ, ಹಿಂಗಾರಿ ಎಂಬ ಎರಡು ಹಂಗಾಮುಗಳಿರುವಂತೆ ವಿದ್ಯಾರ್ಥಿಯ ವರ್ಷದಲ್ಲಿಯೂ ಕೆಲವು ಹಂಗಾಮುಗಳಿವೆ. ಪಾಠದ ಹಂಗಾಮು ಒಂದು. ಪರೀಕ್ಷೆಯ ಹಂಗಾಮು ಇನ್ನೊಂದು. ಇವುಗಳ ನಡುವೆ, ಬಹುಮಟ್ಟಿಗೆ ಮಳೆಗಾಲದ ತಿಂಗಳುಗಳಲ್ಲಿ, ಆಟದ ಹಂಗಾಮು ಬರುತ್ತದೆ. ಆಗ ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆಗಳು ಮೂಡುತ್ತವೆ. ಸಂಜೆಯ ಗಂಟೆ ಬಾರಿಸಿದ ಮೇಲೆಯೂ ಕೆಲವು ಮಕ್ಕಳು ಮನೆಗೆ ಹೋಗದೆ ಉಳಿಯುತ್ತಾರೆ. ಮೊದಲು ವಲಯ ಮಟ್ಟದ ಪಂದ್ಯ, ಅದರಲ್ಲಿ ಗೆದ್ದವರಿಗೆ ತಾಲ್ಲೂಕು ಮಟ್ಟದ ಪಂದ್ಯ, ಆಮೇಲೆ ಜಿಲ್ಲೆ, ವಿಭಾಗ ಮತ್ತು ರಾಜ್ಯ, ಹೀಗೆ ಮೆಟ್ಟಿಲುಗಳು ಏರುತ್ತವೆ. ೧೯೫೪ರಲ್ಲಿ ಸ್ಥಾಪಿತವಾದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕ್ರೀಡಾಕೂಟವು ಈ ಏಣಿಯ ತುದಿಯಲ್ಲಿದೆ.

ಈ ಆಟಗಳನ್ನು ಆಡುವವರು ಯಾರು? ಮಕ್ಕಳು ಎಂದು ನಾವು ಥಟ್ಟನೆ ಉತ್ತರಿಸುತ್ತೇವೆ. ಅದು ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ. ಒಂದು ಮಗು ಸಂಜೆ ಒಂದು ಗಂಟೆ ಹೆಚ್ಚಾಗಿ ಬಯಲಿನಲ್ಲಿ ನಿಂತರೆ, ಆ ಒಂದು ಗಂಟೆಯ ಕೆಲಸ ಮನೆಯಲ್ಲಿ ಯಾರದೋ ಹೆಗಲಿಗೆ ಬೀಳುತ್ತದೆ. ಮನೆಯ ಹೊತ್ತು ಎಂಬುದು ಹಗೇವಿನಲ್ಲಿಟ್ಟ ಜೋಳದಂತೆ ಅಳತೆಯುಳ್ಳದ್ದು. ಒಬ್ಬರು ಒಂದು ಸೇರು ಹೆಚ್ಚಾಗಿ ತೆಗೆದುಕೊಂಡರೆ ಇನ್ನೊಬ್ಬರಿಗೆ ಅಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ಮಗು ಆಡುವ ಆಟವನ್ನು ಮನೆಯೂ ಆಡುತ್ತದೆ ಎಂದು ಹೇಳಬೇಕಾಗುತ್ತದೆ.

ವಿಜಯಪುರದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ ಸಾರವಾಡವೆಂಬ ಊರಿದೆ. ಆ ಸೀಮೆಯಲ್ಲಿ ಡೋಣಿ ಹೊಳೆ ಹರಿಯುತ್ತದೆ. ಅದರ ಎರಡೂ ದಂಡೆಗಳ ಎರೆಭೂಮಿ ಬಿಳಿಜೋಳಕ್ಕೆ ಹೆಸರಾದದ್ದು. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬರ್ಥದ ಮಾತು ಆ ಭಾಗದಲ್ಲಿ ಇಂದಿಗೂ ಬಳಕೆಯಲ್ಲಿದೆ. ಅಂತಹ ಊರುಗಳಲ್ಲಿ ಆಟದ ಹಂಗಾಮೂ ಹೊಲದ ಹಂಗಾಮೂ ಒಂದರ ಮೇಲೊಂದು ಬರುತ್ತವೆ. ವಲಯ ಮಟ್ಟದ ಪಂದ್ಯಗಳು ನಡೆಯುವಾಗ ತೊಗರಿಯ ಸಾಲುಗಳಲ್ಲಿ ಎಡೆ ಹೊಡೆಯಬೇಕು, ಕಸ ತೆಗೆಯಬೇಕು. ತಾಲ್ಲೂಕು ಮಟ್ಟದ ಪಂದ್ಯಗಳ ಹೊತ್ತಿಗೆ ಹೆಸರು ಬಿಡಿಸುವ ಕಾಲ ಬಂದಿರುತ್ತದೆ. ಒಣಗಿದ ಹೆಸರುಕಾಯಿ ಮಳೆಗೆ ಸಿಕ್ಕಿದರೆ ಗಿಡದಲ್ಲಿಯೇ ಮೊಳಕೆಯೊಡೆದು ಕೆಡುತ್ತದೆ; ಅದು ಯಾರಿಗಾಗಿಯೂ ಕಾಯುವುದಿಲ್ಲ. ಜಿಲ್ಲೆ ಮತ್ತು ವಿಭಾಗಗಳ ಪಂದ್ಯಗಳ ವೇಳೆಗೆ ಹಿಂಗಾರಿ ಜೋಳದ ಬಿತ್ತನೆಗೆ ಕೂರಿಗೆ ಕಟ್ಟುವ ಗಡಿಬಿಡಿ. ಹೊಲ ಕರೆಯುವಾಗಲೇ ಬಯಲೂ ಕರೆಯುತ್ತದೆ. ಎರಡು ಕರೆಗಳ ನಡುವೆ ಮನೆಯು ತನ್ನ ದಾರಿಯನ್ನು ಹುಡುಕಿಕೊಳ್ಳಬೇಕು.

ಈ ದಾರಿ ಯಾವುದು? ಉತ್ತರವು ನಮ್ಮದೇ ಒಂದು ಆಟದಲ್ಲಿ ಅಡಗಿದೆ ಎಂದು ನನಗೆ ತೋರುತ್ತದೆ. ಆ ಆಟ ಖೋ ಖೋ.

ಖೋ ಖೋ ಆಟದಲ್ಲಿ ಬೆನ್ನಟ್ಟುವ ತಂಡದ ಒಂಬತ್ತು ಮಂದಿ ಅಂಕಣದಲ್ಲಿರುತ್ತಾರೆ. ಅವರಲ್ಲಿ ಎಂಟು ಮಂದಿ ಎರಡು ಕಂಬಗಳ ನಡುವಣ ಸಾಲಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿರುತ್ತಾರೆ. ಒಬ್ಬನ ಮುಖ ಪೂರ್ವಕ್ಕಿದ್ದರೆ ಪಕ್ಕದವನ ಮುಖ ಪಶ್ಚಿಮಕ್ಕೆ. ಒಂಬತ್ತನೆಯವನು ಮಾತ್ರ ಎದ್ದು ಓಡುತ್ತಾನೆ. ಎದುರು ತಂಡದವರು ಮೂವರು ಮೂವರಾಗಿ ಒಳಗೆ ಬಂದು ತಪ್ಪಿಸಿಕೊಳ್ಳುತ್ತಾರೆ. ತಪ್ಪಿಸಿಕೊಳ್ಳುವವರು ಕುಳಿತವರ ನಡುವೆ ನುಸುಳಿ ಆಚೆಗೂ ಈಚೆಗೂ ಹೋಗಬಹುದು; ಬೆನ್ನಟ್ಟುವವನು ಹಾಗೆ ನಡುಗೆರೆಯನ್ನು ದಾಟುವಂತಿಲ್ಲ; ಹಿಡಿದ ದಿಕ್ಕನ್ನು ಬಿಟ್ಟು ಹಿಂದಿರುಗುವಂತಿಲ್ಲ. ತಾನು ಮುಟ್ಟಲಾಗದವನನ್ನು ಮುಟ್ಟಲು ಅವನು ಕುಳಿತ ಗೆಳೆಯನ ಬೆನ್ನನ್ನು ತಟ್ಟಿ ‘ಖೋ’ ಎನ್ನಬೇಕು. ಗೆಳೆಯನು ಎದ್ದು ಓಡುತ್ತಾನೆ. ಖೋ ಕೊಟ್ಟವನು ಆ ಗೆಳೆಯನ ಜಾಗದಲ್ಲಿ ಕೂಡಲೇ ಕುಳಿತುಕೊಳ್ಳಬೇಕು.

ಈ ಕೊನೆಯ ನಿಯಮವನ್ನು ನೀವು ಚೆನ್ನಾಗಿ ಗಮನಿಸಬೇಕು. ಒಬ್ಬನು ಎದ್ದಾಗ ಇನ್ನೊಬ್ಬನು ಕುಳಿತುಕೊಳ್ಳದಿದ್ದರೆ ಸಾಲು ಒಡೆಯುತ್ತದೆ. ಒಬ್ಬನೇ ಕೊನೆಯವರೆಗೂ ಓಡುತ್ತೇನೆಂದರೆ ಅವನು ದಣಿಯುತ್ತಾನೆ, ತಂಡ ಸೋಲುತ್ತದೆ. ಕುಳಿತವನು ಸುಮ್ಮನಿರುವವನಲ್ಲ, ಅವನ ಕಿವಿ ಬೆನ್ನ ಹಿಂದಿನ ಕರೆಗಾಗಿ ಕಾದಿರುತ್ತದೆ. ಮನೆಯ ನಿಯಮವೂ ಇದಕ್ಕಿಂತ ಬೇರೆಯಲ್ಲ.

ಅಧ್ಯಾಪಕನಾಗಿದ್ದ ಕಾಲದಲ್ಲಿ ನಾನು ಕಂಡ ಒಂದು ಕುಟುಂಬದ ಸಂಗತಿಯನ್ನು ಇಲ್ಲಿ ಹೇಳಬಹುದು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಶಾಲೆಯ ಖೋ ಖೋ ತಂಡಕ್ಕೆ ಆಯ್ಕೆಯಾದಳು. ಮನೆಯಲ್ಲಿ ತಂದೆ, ತಾಯಿ, ಅಜ್ಜಿ, ಏಳನೆಯ ತರಗತಿಯಲ್ಲಿದ್ದ ತಮ್ಮ, ಅಂಗನವಾಡಿಗೆ ಹೋಗುವ ತಂಗಿ. ಹೊಲ ಎರಡೇ ಎಕರೆ. ಅದೂ ಮಳೆಯನ್ನು ನೆಚ್ಚಿದ್ದು. ಸಂಜೆ ನೀರು ತರುವುದು, ತಂಗಿಯನ್ನು ನೋಡಿಕೊಳ್ಳುವುದು, ರೊಟ್ಟಿ ಬಡಿಯುವುದು, ಈ ಮೂರು ಕೆಲಸಗಳು ಆ ಹುಡುಗಿಯವು. ಅವಳು ಬಯಲಿನಲ್ಲಿ ಉಳಿದ ಮೊದಲ ದಿನವೇ ಮನೆಯಲ್ಲಿ ಒಲೆ ತಡವಾಗಿ ಹೊತ್ತಿತು. “ಹೆಣ್ಣುಹುಡುಗಿಗೆ ಇಷ್ಟೊತ್ತಿನತನಕ ಬಯಲಾಗ ಏನ ಕೆಲಸ?” ಎಂದು ತಂದೆ ಕೇಳಿದನು. ದಿನವಿಡೀ ಹೊಲದಲ್ಲಿ ಬಗ್ಗಿ ಬಂದಿದ್ದ ತಾಯಿ ಏನೂ ಹೇಳಲಿಲ್ಲ. ಅವಳು ಮಗಳ ಪರವಾಗಿ ಮಾತನಾಡಿದರೆ ಆ ಕೆಲಸಗಳು ತನ್ನ ಮೇಲೆಯೇ ಬರುವುವೆಂಬುದು ಅವಳಿಗೆ ಗೊತ್ತಿತ್ತು. ಆಗ ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಹೇಳಿದಳು: “ಬಿಡೋ ತಮ್ಮಾ, ಕೂಸು ಆಡಲಿ. ರೊಟ್ಟಿ ನಾ ಬಡೀತೀನಿ. ಹತ್ತು ರೊಟ್ಟಿಗೆ ನನ್ನ ಕೈಯೇನ ಸವಿಯೂದಿಲ್ಲ.”

ರೊಟ್ಟಿಯ ಪ್ರಶ್ನೆ ಹೀಗೆ ಬಗೆಹರಿಯಿತು. ನೀರಿನ ಪ್ರಶ್ನೆ ಇನ್ನೂ ಕಠಿಣವಾಗಿತ್ತು. ಕೊಡ ಹೊರುವುದು ಹೆಣ್ಣುಮಕ್ಕಳ ಕೆಲಸವೆಂದು ತಮ್ಮನು ಮುಖ ತಿರುಗಿಸಿದನು. ಅಜ್ಜಿ ಅವನನ್ನು ಬೈಯಲಿಲ್ಲ. “ಕುಡಿಯೂ ನೀರಿಗೆ ಗಂಡು ಹೆಣ್ಣು ಗೊತ್ತೈತೇನೋ?” ಎಂದಷ್ಟೇ ಕೇಳಿದಳು. ಮರುದಿನ ಅವನು ಸೈಕಲ್ಲಿನ ಹಿಂದೆ ಎರಡು ಕೊಡಗಳನ್ನು ಕಟ್ಟಿಕೊಂಡು ಹೊರಟನು. ಓಣಿಯ ಹುಡುಗರು ಎರಡು ದಿನ ನಕ್ಕರು. ಮೂರನೆಯ ದಿನ ಅವರಿಗೂ ಬೇಸರವಾಯಿತು.

ತಾಲ್ಲೂಕು ಮಟ್ಟದ ಪಂದ್ಯದ ದಿನಕ್ಕೂ ಹೆಸರು ಬಿಡಿಸುವ ದಿನಕ್ಕೂ ಗಂಟುಬಿದ್ದಾಗ ನಿಜವಾದ ಪರೀಕ್ಷೆ ಬಂದಿತು. ಮೋಡ ಕವಿದಿತ್ತು. ಹುಡುಗಿ ಹೋಗದಿದ್ದರೆ ತಂಡಕ್ಕೆ ಒಂಬತ್ತನೆಯವಳಿಲ್ಲ. ಹೋದರೆ ಹೊಲದಲ್ಲಿ ಎರಡು ಕೈ ಕಡಿಮೆ. ಆ ರಾತ್ರಿ ಮನೆಯವರೆಲ್ಲ ಕೂಡಿ ಕುಳಿತು ಲೆಕ್ಕ ಹಾಕಿದರು. ಪಂದ್ಯಕ್ಕೆ ಇನ್ನು ನಾಲ್ಕು ದಿನಗಳಿದ್ದವು. ಅಷ್ಟು ದಿನವೂ ನಸುಕಿನಲ್ಲಿಯೇ ಎದ್ದು, ಶಾಲೆಯ ಹೊತ್ತಿಗೆ ಮುಂಚೆ ಎಲ್ಲರೂ ಹೊಲಕ್ಕೆ ಹೋಗುವುದೆಂದು ಗೊತ್ತಾಯಿತು. ಪಕ್ಕದ ಹೊಲದವರನ್ನು ಮುಯ್ಯಾಳಿಗೆ ಕರೆದರು; ಅವರ ಹೆಸರು ಬಿಡಿಸುವಾಗ ಇವರು ಹೋಗಬೇಕೆಂದು ಮಾತಾಯಿತು. ಇಷ್ಟೆಲ್ಲ ಮಾಡಿದರೂ ಹೊಲದ ಒಂದು ಅಂಚು ಉಳಿದೇ ಹೋಯಿತು. ಪಂದ್ಯದ ದಿನ ಮಧ್ಯಾಹ್ನ ಮಳೆ ಬಂದು ಅಲ್ಲಿಯ ಕಾಯಿ ಕೆಟ್ಟಿತು. ಅದೇ ಮಧ್ಯಾಹ್ನ ಹುಡುಗಿಯ ತಂಡವೂ ಸೋತಿತು.

ಹಾಗಾದರೆ ಆ ಮನೆಯು ಎರಡನ್ನೂ ಕಳೆದುಕೊಂಡಿತೆ? ಹಾನಿಯೇನೂ ಆಗಲಿಲ್ಲವೆಂದು ನಾನು ಹೇಳುವುದಿಲ್ಲ. ಎರಡೆಕರೆಯ ರೈತನಿಗೆ ಒಂದು ಅಂಚಿನ ಹೆಸರು ಸಣ್ಣದಲ್ಲ. ಆದರೆ ಮುಂದೆ ನಡೆದುದನ್ನೂ ಹೇಳಬೇಕು. ಮರುದಿನ ಸಂಜೆ ಹುಡುಗಿ ನೇರವಾಗಿ ಒಲೆಯ ಮುಂದೆ ಹೋಗಿ, “ಆಯಿ, ಇನ್ನ ನೀ ಕೂಡು. ರೊಟ್ಟಿ ನಾ ಬಡೀತೀನಿ” ಎಂದಳು. ಮುಯ್ಯಾಳಿಗೆ ಹೋಗಬೇಕಾದ ದಿನ ಎಲ್ಲರಿಗಿಂತ ಮೊದಲು ಹೊರಟವಳು ಅವಳೇ. ಮರುವರ್ಷ ತಮ್ಮನು ಕಬಡ್ಡಿ ತಂಡಕ್ಕೆ ಸೇರಿದಾಗ ಅವನ ಪಾಲಿನ ನೀರನ್ನು ಅವಳು ತಂದಳು. ತಂದೆಯೂ ‘ಯಾಕೆ’ ಎಂದು ಕೇಳುವುದನ್ನು ಬಿಟ್ಟು ‘ಎಂದು ಪಂದ್ಯ’ ಎಂದು ಕೇಳತೊಡಗಿದನು. ಖೋ ಪಡೆದು ಎದ್ದವಳು ಓಡಿದಳು, ಖೋ ಕೊಟ್ಟು ಕುಳಿತಳು. ಸಾಲು ಒಡೆಯಲಿಲ್ಲ.

ಈ ತೊಡಕು ನಮ್ಮ ಹಳ್ಳಿಗಳಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕೆಯಲ್ಲಿ ಬೇಸ್‌ಬಾಲ್ ಎಂಬ ಆಟ ಬಹು ಜನಪ್ರಿಯವಾದುದು. ಅಲ್ಲಿಯ ಪೆನ್ಸಿಲ್ವೇನಿಯಾ ರಾಜ್ಯದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನಲ್ಲಿ ಕಾರ್ಲ್ ಸ್ಟಾಟ್ಜ್ ಎಂಬಾತನು ೧೯೩೯ರಲ್ಲಿ ಮಕ್ಕಳಿಗಾಗಿ ‘ಲಿಟಲ್ ಲೀಗ್’ ಎಂಬ ಪಂದ್ಯಮಾಲೆಯನ್ನು ಆರಂಭಿಸಿದನು. ಮೊದಲ ವರ್ಷ ಇದ್ದುದು ಮೂರೇ ತಂಡಗಳು. ಇಂದು ಅದು ಅನೇಕ ದೇಶಗಳಿಗೆ ಹಬ್ಬಿದೆ. ಅದನ್ನು ನಡೆಸುವವರಲ್ಲಿ ಸಂಬಳದ ಆಳುಗಳಿಗಿಂತ ತಂದೆ ತಾಯಿಗಳೇ ಹೆಚ್ಚು. ತರಬೇತಿ ಕೊಡುವವರು, ತೀರ್ಪು ಹೇಳುವವರು, ಅಂಗಳವನ್ನು ಹಸನುಮಾಡುವವರು ಬಹುಮಟ್ಟಿಗೆ ಅವರೇ. ಆಟದ ತಿಂಗಳುಗಳಲ್ಲಿ ಅಲ್ಲಿಯ ಮನೆಗಳಲ್ಲಿಯೂ ಊಟದ ಹೊತ್ತು ತಪ್ಪುತ್ತದೆ. ಒಂದು ಮಗುವಿನ ಪಂದ್ಯಕ್ಕಾಗಿ ಇನ್ನೊಂದು ಮಗು ಕಾಯಬೇಕಾಗುತ್ತದೆ. ಅಲ್ಲಿ ಹುಡುಗಿಯರಿಗೆ ಬಾಗಿಲು ತೆರೆದುದು ೧೯೭೪ರಲ್ಲಿ, ಅದೂ ನ್ಯಾಯಾಲಯದ ಮೆಟ್ಟಿಲು ಹತ್ತಿದ ಮೇಲೆ. ದೇಶ ಯಾವುದಾದರೂ ಆಗಲಿ, ಆಟದಲ್ಲಿ ಹುಡುಗಿಯ ಸರದಿ ತಡವಾಗಿಯೇ ಬರುತ್ತದೆ.

ನಮ್ಮಲ್ಲಿಯೂ ಈ ವಿಷಯವನ್ನು ಮರೆಮಾಚದೆ ನೋಡಬೇಕು. ಮಗನು ಆಡಿ ಬಂದರೆ ದಣಿದಿದ್ದಾನೆಂದು ಹಾಲು ಕೊಡುವ ಮನೆಯಲ್ಲಿಯೇ ಮಗಳು ಆಡಿ ಬಂದರೆ ಪಾತ್ರೆಗಳು ಕಾಯುತ್ತಿರುತ್ತವೆ. ಮಗನು ಪರಸ್ಥಳಕ್ಕೆ ಹೊರಟರೆ ಬಸ್ಸಿನ ಖರ್ಚಿನ ಚಿಂತೆ ಒಂದೇ. ಮಗಳು ಹೊರಟರೆ ಜೊತೆಗೆ ಯಾರು ಎಂಬ ಚಿಂತೆ ಎರಡನೆಯದು. ಎಂಟನೆಯ, ಒಂಬತ್ತನೆಯ ತರಗತಿಗಳವರೆಗೆ ಚಿಗರಿಯಂತೆ ಓಡಿದ ಎಷ್ಟೋ ಹುಡುಗಿಯರು ಆಮೇಲೆ ಬಯಲಿನಿಂದ ಕಾಣೆಯಾಗುತ್ತಾರೆ. ಅವರ ಕಾಲಿನ ಶಕ್ತಿ ಕುಂದಿರುವುದಿಲ್ಲ. ಅವರ ಪಾಲಿನ ಕೆಲಸವನ್ನು ಹೊರುವ ಹೆಗಲು ಮನೆಯಲ್ಲಿ ದೊರೆತಿರುವುದಿಲ್ಲ. ತಾಯಿಯ ಮಾತಂತೂ ಯಾರಿಗೂ ನೆನಪಾಗುವುದಿಲ್ಲ. ಎಲ್ಲರೂ ಎದ್ದು ಓಡುವಾಗ ಸಾಲಿನಲ್ಲಿ ಯಾವಾಗಲೂ ಕುಳಿತೇ ಇರುವವಳು ಅವಳು. ಅವಳಿಗೆ ಖೋ ಕೊಡುವವರಾರು?

ಮನೆಯ ಬೆಂಬಲ ದೊರೆತಲ್ಲಿ ಏನಾಗಬಹುದೆಂಬುದಕ್ಕೆ ನಿದರ್ಶನಗಳಿವೆ. ೨೦೨೫ರ ಜನವರಿ ತಿಂಗಳಲ್ಲಿ ಖೋ ಖೋ ಆಟದ ಮೊದಲ ವಿಶ್ವಕಪ್ ಪಂದ್ಯಾವಳಿ ನವದೆಹಲಿಯಲ್ಲಿ ನಡೆಯಿತು. ಅಂತಿಮ ಪಂದ್ಯದಲ್ಲಿ ಭಾರತದ ಮಹಿಳೆಯರು ನೇಪಾಳವನ್ನು ೭೮–೪೦ ಅಂಕಗಳಿಂದಲೂ ಪುರುಷರು ಅದೇ ದೇಶವನ್ನು ೫೪–೩೬ ಅಂಕಗಳಿಂದಲೂ ಸೋಲಿಸಿದರು. ವಿಜಯಿಯಾದ ಮಹಿಳೆಯರ ತಂಡದಲ್ಲಿದ್ದ ಬಿ. ಚೈತ್ರಾ ಅವರು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರು ಎಂಬ ಹಳ್ಳಿಯವರು, ರೈತನ ಮಗಳು. ಹಳ್ಳಿಯ ಬಯಲಿನಿಂದ ಹೊರಟ ದಾರಿ ಅಷ್ಟು ದೂರ ಹೋಗಬಲ್ಲದು.

ಆದರೆ ಆಡುವ ಎಲ್ಲರೂ ಅಲ್ಲಿಗೆ ತಲಪುವುದಿಲ್ಲ. ಹದಿನಾರು ತಂಡಗಳು ಒಂದು ಪಂದ್ಯಾವಳಿಗೆ ಬಂದರೆ ಹದಿನೈದು ತಂಡಗಳು ಸೋತೇ ಮನೆಗೆ ಹಿಂದಿರುಗಬೇಕು. ಕಪ್ಪು ದೊರೆತರೆ ಮಾತ್ರ ಆಟಕ್ಕೆ ಬೆಲೆಯೆಂದರೆ, ಆ ಹದಿನೈದು ತಂಡಗಳ ಮನೆಗಳು ಪಟ್ಟ ಶ್ರಮವೆಲ್ಲ ವ್ಯರ್ಥವೆಂದು ಹೇಳಿದಂತಾಗುತ್ತದೆ. ಅದು ವ್ಯರ್ಥವಲ್ಲ. ಹಂಗಾಮು ಮುಗಿದ ಮೇಲೆ ಮನೆಯಲ್ಲಿ ಉಳಿಯುವ ಬೆಳೆಯೊಂದಿದೆ. ನೀರು ಹೊತ್ತು ತಂದ ಹುಡುಗನಿಗೆ ನೀರಿನ ತೂಕ ತಿಳಿಯುತ್ತದೆ. ಮಗಳ ಪಂದ್ಯದ ದಿನವನ್ನು ಕೇಳಿ ತಿಳಿದ ತಂದೆಗೆ ಮಗಳೇ ತಿಳಿಯತೊಡಗುತ್ತಾಳೆ.

ವಿದ್ಯಾರ್ಥಿಗಳು ಇದರಲ್ಲಿ ತಮ್ಮ ಪಾಲನ್ನು ಅರಿಯಬೇಕು. ತಂಡಕ್ಕೆ ಆಯ್ಕೆಯಾದ ದಿನವೇ ಪಂದ್ಯಗಳ ದಿನಗಳನ್ನು ಮನೆಯವರಿಗೆ ತಿಳಿಸಿರಿ. ಹಿಂದಿನ ರಾತ್ರಿ ತಿಳಿಸಿ ಅವರನ್ನು ಇಕ್ಕಟ್ಟಿಗೆ ಸಿಲುಕಿಸಬೇಡಿರಿ. ನಿಮ್ಮ ಕೆಲಸವನ್ನು ಯಾರು ಹೊತ್ತಿದ್ದಾರೆಂಬುದನ್ನು ನೋಡಿರಿ. ಆಟವಿಲ್ಲದ ದಿನ ಅವರ ಕೆಲಸವನ್ನು ನೀವು ಹೊರಿರಿ. ಅಣ್ಣನ ಸರದಿ ಮುಗಿದ ಮೇಲೆ ತಂಗಿಯ ಸರದಿ ಬರಲಿ. ಮಕ್ಕಳ ಸರದಿಗಳ ನಡುವೆ ತಾಯಿಗೂ ಒಂದು ಸಂಜೆ ದೊರೆಯಲಿ. ಅವಳು ನಿಮ್ಮ ಪಂದ್ಯವನ್ನು ನೋಡಲು ಬಯಲಿನ ಅಂಚಿಗೆ ಬಂದು ನಿಂತಾಗ ಮನೆಯಲ್ಲಿ ಒಲೆಯ ಮುಂದೆ ಬೇರೊಬ್ಬರು ಕುಳಿತಿರಲಿ. ಓಡುವುದನ್ನು ಬಯಲು ಕಲಿಸುತ್ತದೆ. ಎದ್ದವರ ಜಾಗದಲ್ಲಿ ಕುಳಿತುಕೊಳ್ಳುವುದನ್ನು ಮನೆ ಕಲಿಸಬೇಕು. ಈ ಎರಡನ್ನೂ ಕಲಿತವರೇ ಪೂರ್ಣ ಆಟಗಾರರು.

ಅಭ್ಯಾಸ

೧. ‘ಮಗು ಆಡುವ ಆಟವನ್ನು ಮನೆಯೂ ಆಡುತ್ತದೆ’ ಎಂದು ಲೇಖಕರು ಹೇಳಲು ಕಾರಣವೇನು?
೨. ಸಾರವಾಡದಂತಹ ಊರುಗಳಲ್ಲಿ ಆಟದ ಹಂಗಾಮು ಯಾವ ಯಾವ ಹೊಲದ ಕೆಲಸಗಳ ಕಾಲದಲ್ಲಿ ಬರುತ್ತದೆ?
೩. ಖೋ ಕೊಟ್ಟವನು ಪಾಲಿಸಬೇಕಾದ ನಿಯಮವನ್ನು ಮನೆಯ ಬಾಳಿಗೆ ಹೇಗೆ ಹೋಲಿಸಲಾಗಿದೆ?
೪. ಹುಡುಗಿಯರು ಆಟದ ಬಯಲಿನಿಂದ ಕಾಣೆಯಾಗಲು ಲೇಖಕರು ಕೊಡುವ ಕಾರಣವನ್ನು ನೀವು ಒಪ್ಪುವಿರಾ? ನಿಮ್ಮ ಊರಿನ ಅನುಭವದಿಂದ ಉತ್ತರಿಸಿರಿ.
೫. ನಿಮ್ಮ ಮನೆಯಲ್ಲಿ ಒಂದು ಸಂಜೆ ನಡೆಯುವ ಕೆಲಸಗಳನ್ನೂ ಅವುಗಳನ್ನು ಮಾಡುವವರನ್ನೂ ಪಟ್ಟಿ ಮಾಡಿರಿ. ಅವುಗಳಲ್ಲಿ ನೀವು ವಹಿಸಿಕೊಳ್ಳಬಹುದಾದ ಕೆಲಸ ಯಾವುದು?